ಗಾಬರಿ ರೋಗದ ಹಲವು ವೇಷ

ಚಿಂತಾಮಣಿ ಕಡೆಯ ಹಳ್ಳಿಯಿಂದ ಬಂದ ಹೆಂಗಸೊಬ್ಬರು ವೈದ್ಯರ ಎದುರು ಕುಳಿತು 'ಆಯಾಸ ಡಾಕ್ಟ್ರೇ, ತುಂಬಾ ಆಯಾಸ' ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ವೈದ್ಯರು ಮೈಸೂರು ಸೀಮೆಯವರೋ ಧಾರವಾಡದವರೋ ಆಗಿದ್ದರೆ ಅದನ್ನು ದಣಿವು ಎಂದೇ ತಿಳಿಯುತ್ತಾರೆ. ರಕ್ತ ಪರೀಕ್ಷೆಗೆ ಬರೆದು, ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಆದರೆ ಆಕೆಯ ಮನೆಮಾತು ತೆಲುಗು. ತೆಲುಗಿನಲ್ಲಿ 'ಆಯಾಸಂ' ಎಂದರೆ ಬರಿಯ ದಣಿವಲ್ಲ. ಏದುಸಿರು, ಉಸಿರು ಸಿಕ್ಕದ ಸಂಕಟ. ಆಕೆ ಹೇಳಿದ್ದು ಒಂದು, ವೈದ್ಯರ ಚೀಟಿಯಲ್ಲಿ ಬಿದ್ದದ್ದು ಇನ್ನೊಂದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಇಂಥ ಗೊಂದಲ ಅಪರೂಪವೇನಲ್ಲ. ಮನೆಯಲ್ಲಿ ತೆಲುಗು, ಕಚೇರಿ ಮತ್ತು ಶಾಲೆಯಲ್ಲಿ ಕನ್ನಡ, ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಓಣಿಗಳಲ್ಲಿ ಉರ್ದು. 'ದಿಗಿಲು' ಎಂಬ ಮಾತನ್ನೇ ನೋಡಿ. ಕನ್ನಡದಲ್ಲಿ ಅದು ಹಠಾತ್ತನೆ ಹಿಡಿಯುವ ಹೆದರಿಕೆ. ತೆಲುಗಿನವರ ಬಾಯಲ್ಲಿ ಅದೇ ಪದ ಹೆಚ್ಚಾಗಿ ಚಿಂತೆ, ಮನಸ್ಸಿನ ಭಾರ, ಬೇಸರದ ಕಡೆ ವಾಲುತ್ತದೆ. ಕನ್ನಡದ ಗಾಬರಿಗೆ ನೆಂಟಸ್ತಿಕೆಯುಳ್ಳ ಉರ್ದುವಿನ 'ಘಬರಾಹಟ್' ಎಂಬುದಂತೂ ಹೆದರಿಕೆಯೂ ಹೌದು, ಎದೆ ಹೊಡೆದುಕೊಳ್ಳುವುದೂ ಹೌದು, ಹೊಟ್ಟೆಯೊಳಗಿನ ತಳಮಳವೂ ಹೌದು.

ಮಾತಿನ ಈ ವಿವರ ಒಂದು ಕಾಯಿಲೆಯ ಮಟ್ಟಿಗೆ ಬಹಳ ಮುಖ್ಯವಾಗುತ್ತದೆ. ಅದು ವೈದ್ಯರು 'ಪ್ಯಾನಿಕ್ ಡಿಸಾರ್ಡರ್' ಎಂದು ಕರೆಯುವ ಗಾಬರಿ ರೋಗ. ಈ ರೋಗಕ್ಕೆ ರಕ್ತದಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಗುರುತು ಸಿಕ್ಕುವುದಿಲ್ಲ. ರೋಗಿ ಏನು ಹೇಳುತ್ತಾನೆ, ವೈದ್ಯ ಏನು ಕೇಳಿಸಿಕೊಳ್ಳುತ್ತಾನೆ ಎಂಬುದರ ಮೇಲೆಯೇ ಅದರ ಪತ್ತೆ ನಿಂತಿದೆ. ಅಷ್ಟೇ ಅಲ್ಲ, ಒಬ್ಬನಲ್ಲಿ ಕಂಡಂತೆ ಅದು ಇನ್ನೊಬ್ಬನಲ್ಲಿ ಕಾಣುವುದಿಲ್ಲ. ಒಬ್ಬನಿಗೆ ಎದೆ, ಒಬ್ಬಳಿಗೆ ಉಸಿರು, ಮತ್ತೊಬ್ಬರಿಗೆ ತಲೆಸುತ್ತು ಅಥವಾ ಹೊಟ್ಟೆ. ಕಳೆದ ಒಂದೂವರೆ ಶತಮಾನದಲ್ಲಿ ಈ ರೋಗಕ್ಕೆ ಬಿದ್ದ ಹೆಸರುಗಳೆಲ್ಲ ಆಯಾ ಕಾಲದ ವೈದ್ಯರ ಕಿವಿಗೆ ಯಾವ ಲಕ್ಷಣ ಮೊದಲು ಬಿತ್ತೋ ಅದರ ಹೆಸರುಗಳೇ.

ಹದಿಮೂರರಲ್ಲಿ ನಾಲ್ಕು

ಮೊದಲು ಕಾಯಿಲೆಯ ಸ್ವರೂಪ ತಿಳಿಯೋಣ. ಯಾವ ಕಾರಣವೂ ಎದುರಿಗಿಲ್ಲದೆ, ಬಸ್ಸಿನಲ್ಲಿ ಕುಳಿತಾಗಲೋ, ಹಾಲು ಹಾಕಿ ಮನೆಗೆ ಬರುವಾಗಲೋ, ಕೆಲವೊಮ್ಮೆ ಗಾಢ ನಿದ್ರೆಯಲ್ಲೋ, ದೇಹವು ಏಕಾಏಕಿ ಅಪಾಯದ ಗಂಟೆ ಬಾರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ತುತ್ತತುದಿಗೆ ಏರಿ, ನಂತರ ತಾನಾಗಿ ಇಳಿಯುತ್ತದೆ. ಇಂಥ ಒಂದು ದಾಳಿ ಬಂದು ಹೋದ ಮಾತ್ರಕ್ಕೆ ರೋಗ ಎನ್ನುವುದಿಲ್ಲ. ದಾಳಿಗಳು ಮರುಕಳಿಸಬೇಕು, ಮುಂದಿನದು ಯಾವಾಗಲೋ ಎಂಬ ಅಂಜಿಕೆ ಒಂದು ತಿಂಗಳಾದರೂ ಕಾಡಬೇಕು, ಅಥವಾ ಆ ಅಂಜಿಕೆಯಿಂದ ಮನುಷ್ಯನ ನಡೆನುಡಿ ಬದಲಾಗಬೇಕು. ಆಗ ಅದು ಗಾಬರಿ ರೋಗ.

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಈ ದಾಳಿಗೆ 13 ಲಕ್ಷಣಗಳನ್ನು ಕೊಡುತ್ತದೆ. ಎದೆ ಢವಢವ, ಬೆವರು, ನಡುಕ, ಉಸಿರಿನ ಕೊರತೆ, ಗಂಟಲು ಕಟ್ಟಿದಂತಾಗುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆಸುತ್ತು, ಚಳಿ ಅಥವಾ ಬಿಸಿ ಹಬೆ ಹೊಡೆದಂತಾಗುವುದು, ಕೈಕಾಲು ಜೋಮು, ಸುತ್ತಲಿನದೆಲ್ಲ ಅಥವಾ ತಾನೇ ನಿಜವಲ್ಲವೆಂಬ ವಿಚಿತ್ರ ಭಾವ, ಹುಚ್ಚು ಹಿಡಿಯುತ್ತದೆಂಬ ಭಯ, ಸತ್ತೇ ಹೋಗುತ್ತೇನೆಂಬ ಭಯ. ಇವುಗಳಲ್ಲಿ ಯಾವ ನಾಲ್ಕು ಇದ್ದರೂ ಸಾಕು.

ಇಲ್ಲೊಂದು ಸಣ್ಣ ಲೆಕ್ಕವಿದೆ. ಹದಿಮೂರರಲ್ಲಿ ನಾಲ್ಕನ್ನು 715 ರೀತಿಯಲ್ಲಿ ಆರಿಸಬಹುದು. ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಲಕ್ಷಣಗಳ ಜೋಡಣೆಗಳನ್ನೆಲ್ಲ ಸೇರಿಸಿದರೆ 7,814 ಆಗುತ್ತದೆ. ಮೂವರು ರೋಗಿಗಳಿಗೆ ತಲಾ ನಾಲ್ಕು ಲಕ್ಷಣಗಳಿದ್ದು, ಒಬ್ಬರದು ಇನ್ನೊಬ್ಬರಿಗೆ ಒಂದೂ ಹೊಂದದೆ ಇರುವುದು ಸಾಧ್ಯ. ಮೂವರಿಗೂ ಕಾಯಿಲೆಯ ಹೆಸರು ಮಾತ್ರ ಒಂದೇ! ಇನ್ನೊಂದು ಸಂಗತಿ: ಪಟ್ಟಿಯ 13ರಲ್ಲಿ ನೇರವಾಗಿ ಭಯವೆಂದು ಹೇಳುವವು ಕೊನೆಯ ಎರಡು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಮೈಯವು. ಹಾಗಾಗಿ 'ನನಗೆ ಯಾವ ಹೆದರಿಕೆಯೂ ಇಲ್ಲ ಡಾಕ್ಟ್ರೇ, ಎದೆ ಮಾತ್ರ ಹಿಡಿದುಕೊಳ್ಳುತ್ತೆ' ಎನ್ನುವವನೂ ಗಾಬರಿ ರೋಗಿಯಾಗಿರಬಹುದು. ಹೃದ್ರೋಗ ತಜ್ಞರ ಬಳಿಗೆ ಬರುವವರಲ್ಲಿ ಇಂಥ 'ಭಯವಿಲ್ಲದ ಗಾಬರಿ'ಯವರಿದ್ದಾರೆ ಎಂಬುದನ್ನು ಅಮೆರಿಕದ ವೈದ್ಯರು 1980ರ ದಶಕದಲ್ಲಿ ಗುರುತಿಸಿದರು.

ಸೈನಿಕನ ಹೃದಯ

ಕಥೆ ಆರಂಭವಾಗುವುದು ಹೃದಯದಿಂದಲೇ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ಸೈನಿಕ ಆಸ್ಪತ್ರೆಯಲ್ಲಿದ್ದ ಜೇಕಬ್ ಮೆಂಡೆಸ್ ಡ ಕೋಸ್ಟಾ ಎಂಬ ವೈದ್ಯರ ಬಳಿಗೆ ವಿಚಿತ್ರ ರೋಗಿಗಳು ಬರತೊಡಗಿದರು. ವಯಸ್ಸು ಚಿಕ್ಕದು, ಗಾಯವಿಲ್ಲ. ಆದರೆ ಎದೆ ಹೊಡೆದುಕೊಳ್ಳುತ್ತದೆ, ಎದೆಯಲ್ಲಿ ನೋವು, ಏದುಸಿರು, ತಲೆಸುತ್ತು. ಜ್ವರವೋ ಭೇದಿಯೋ ವಾಸಿಯಾಗಿ ದಂಡಿಗೆ ಮರಳಿದವರು ಉಳಿದವರ ಜೊತೆ ಹೆಜ್ಜೆ ಹಾಕಲಾರದೆ ಕುಸಿಯುತ್ತಿದ್ದರು. ಅವರು 300 ಮಂದಿಯ ವಿವರಗಳನ್ನು ಆಧರಿಸಿ 1871ರಲ್ಲಿ ಲೇಖನ ಪ್ರಕಟಿಸಿದರು. ರೋಗಕ್ಕೆ ಇಟ್ಟ ಹೆಸರು 'ರೇಗುವ ಹೃದಯ'. ಹೃದಯದ ರಚನೆಯಲ್ಲಿ ದೋಷವಿಲ್ಲ, ಅದು ಅತಿಯಾಗಿ ದುಡಿದು ಕೆರಳಿದೆ ಎಂಬುದು ಅವರ ಅಭಿಪ್ರಾಯ. ವಿಶ್ರಾಂತಿ ಮತ್ತು ಡಿಜಿಟಾಲಿಸ್ ಮದ್ದು ಚಿಕಿತ್ಸೆ. ಅವರೆಲ್ಲರಿಗೂ ಇದ್ದದ್ದು ಗಾಬರಿ ರೋಗವೇ ಎಂದು ಇಂದು ಹೇಳಲಾಗದು. ಆದರೆ ಅವರಲ್ಲಿ ಹಲವರ ವರ್ಣನೆ ಇಂದಿನ ರೋಗಿಯ ಮಾತಿನಂತೆಯೇ ಇದೆ.

ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಇನ್ನೊಂದು ಬಗೆಯ ರೋಗಿಗಳ ಬಗ್ಗೆ ಬರೆದದ್ದೂ ಸುಮಾರಿಗೆ ಅದೇ ಹೊತ್ತಿನಲ್ಲಿ. ಅವರಿಗೆ ಊರಿನ ವಿಶಾಲವಾದ ಚೌಕವನ್ನು ದಾಟಲು, ಖಾಲಿ ಬೀದಿಯಲ್ಲಿ ನಡೆಯಲು ತಡೆಯಲಾಗದ ಭಯ. ಜೊತೆಗೊಬ್ಬರಿದ್ದರೆ, ಕೈಯಲ್ಲಿ ಊರುಗೋಲಿದ್ದರೆ ಸಮಾಧಾನ. ವೆಸ್ಟ್‌ಫಾಲ್ ಇದನ್ನು 'ಅಗೋರಾಫೋಬಿಯಾ' ಎಂದರು. ಅಗೋರಾ ಎಂದರೆ ಗ್ರೀಕ್ ಭಾಷೆಯಲ್ಲಿ ಸಂತೆ ಕೂಡುವ ಬಯಲು. ಒಬ್ಬ ವೈದ್ಯ ಎದೆಯನ್ನು ಆಲಿಸಿದ, ಇನ್ನೊಬ್ಬ ಮುಂದೆ ಹೋಗಲೊಲ್ಲದ ಕಾಲನ್ನು ನೋಡಿದ. ಇವೆರಡೂ ಒಂದೇ ಕಾಯಿಲೆಯ ಎರಡು ತುದಿಗಳಾಗಿರಬಹುದೆಂದು ವೈದ್ಯಲೋಕ ಒಪ್ಪಲು ಮುಂದೆ ನೂರು ವರ್ಷ ಹಿಡಿಯಿತು.

ನಡುವೆ 1895ರಲ್ಲಿ ಸಿಗ್ಮಂಡ್ ಫ್ರಾಯ್ಡ್ 'ಆತಂಕದ ನರರೋಗ'ವನ್ನು ಪ್ರತ್ಯೇಕಿಸಿ ಬರೆದರು. ಫ್ರಾಯ್ಡರ ಬೇರೆ ಸಿದ್ಧಾಂತಗಳ ಬಗ್ಗೆ ಯಾರು ಏನೇ ಅನ್ನಲಿ, ಇಲ್ಲಿ ಅವರ ಕಣ್ಣು ಚುರುಕಾಗಿತ್ತು. ಆತಂಕದ ದಾಳಿಯು ಕೆಲವರಲ್ಲಿ ಹೃದಯದಲ್ಲಿ, ಕೆಲವರಲ್ಲಿ ಉಸಿರಿನಲ್ಲಿ, ಕೆಲವರಲ್ಲಿ ಬೆವರಾಗಿ, ಭೇದಿಯಾಗಿ, ತಲೆಸುತ್ತಾಗಿ, ಕೆಲವರಲ್ಲಿ ಹಠಾತ್ ಹಸಿವಾಗಿಯೂ ಕಾಣಬಹುದು; ಆತಂಕವೆಂಬ ಭಾವನೆ ಹಿನ್ನೆಲೆಗೆ ಸರಿದು ಮೈಯ ಒಂದು ಲಕ್ಷಣವಷ್ಟೇ ಅದರ ಬದಲಿಗೆ ನಿಲ್ಲಬಹುದು ಎಂದು ಅವರು ಗುರುತಿಸಿದ್ದರು.

ಮೊದಲ ಮಹಾಯುದ್ಧ ಬಂದಾಗ ಕಾಯಿಲೆ ಮತ್ತೆ ಹೃದಯಕ್ಕೆ ಹಿಂದಿರುಗಿತು. ಸಾವಿರಾರು ಬ್ರಿಟಿಷ್ ಸಿಪಾಯಿಗಳು ಎದೆಬಡಿತ, ಏದುಸಿರಿನಿಂದ ಕಾದಾಟಕ್ಕೆ ಬಾರದವರಾದರು. ಲಂಡನ್ನಿನ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಅವರನ್ನು ವ್ಯಾಯಾಮದ ಮೂಲಕ ಪರೀಕ್ಷಿಸಿದರು. 'ಸೈನಿಕನ ಹೃದಯ' ಎಂಬ ಹೆಸರು ಆಗ ಬಳಕೆಯಲ್ಲಿತ್ತು. ಲೂಯಿಸ್ ಅದಕ್ಕೆ 'ಶ್ರಮದ ರೋಗಲಕ್ಷಣ' ಎಂಬ ಹೆಸರು ಕೊಟ್ಟರು. ಇದು ಹೃದಯದ ರೋಗವಲ್ಲ, ಇದರ ಮೂಲ ಭಾವನೆಯಲ್ಲಿದೆ ಎಂದು ಇನ್ನೊಬ್ಬ ಹೃದ್ರೋಗ ತಜ್ಞ ಪಾಲ್ ವುಡ್ ಬಲವಾಗಿ ವಾದಿಸಿದ್ದು 1941ರಲ್ಲಿ, ಅಂದರೆ ಎರಡನೆಯ ಯುದ್ಧದ ನಡುವೆ.

ನಿಜವಾದ ತಿರುವು ಕೊಟ್ಟವರು ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯ ಡೊನಾಲ್ಡ್ ಕ್ಲೈನ್. 1959ರ ಸುಮಾರಿಗೆ ಅವರು ಇಮಿಪ್ರಮಿನ್ ಎಂಬ ಹೊಸ ಔಷಧಿಯನ್ನು ಪ್ರಯೋಗಿಸುತ್ತಿದ್ದರು. ವಾರ್ಡಿನಲ್ಲಿ ಕೆಲವು ರೋಗಿಗಳು ದಿನಕ್ಕೆ ಹಲವು ಬಾರಿ 'ಸಾಯುತ್ತಿದ್ದೇನೆ' ಎಂದು ನರ್ಸುಗಳ ಕೊಠಡಿಗೆ ಓಡಿ ಬರುತ್ತಿದ್ದರು. ಔಷಧಿ ಆರಂಭಿಸಿ ಕೆಲವು ವಾರಗಳಾದರೂ ಗುಣ ಕಂಡಿಲ್ಲವೆಂದು ರೋಗಿಗಳೇ ಹೇಳಿದರು, ಅವರ ಚಿಕಿತ್ಸಕರೂ ಹೇಳಿದರು. ಆದರೆ ನರ್ಸುಗಳು ಬೇರೆಯದೇ ಹೇಳಿದರು: ಈಗ ಅವರು ನಮ್ಮ ಕೊಠಡಿಗೆ ಓಡಿ ಬರುವುದು ನಿಂತಿದೆ! ಹಠಾತ್ ದಾಳಿ ನಿಂತಿತ್ತು, ಮುಂದಿನದರ ಅಂಜಿಕೆ ಮಾತ್ರ ಉಳಿದಿತ್ತು. ಇವೆರಡೂ ಬೇರೆ ಬೇರೆ ಎಂಬುದು ಹೀಗೆ ಹೊಳೆಯಿತು. ರೋಗದ ಇತಿಹಾಸದ ಈ ದೊಡ್ಡ ಸಂಗತಿ ನರ್ಸುಗಳ ಕಣ್ಣಿಗೆ ಮೊದಲು ಬಿದ್ದದ್ದು ಎಂಬುದನ್ನು ಮರೆಯಬಾರದು. 1980ರಲ್ಲಿ ಅಮೆರಿಕದ ಕೈಪಿಡಿ 'ಪ್ಯಾನಿಕ್ ಡಿಸಾರ್ಡರ್' ಎಂಬ ಪ್ರತ್ಯೇಕ ಹೆಸರನ್ನು ಒಪ್ಪಿತು.

ಗಾಳಿ ಎಂಬ ವಿವರಣೆ

ಪಶ್ಚಿಮದಲ್ಲಿ ಹೃದಯಕ್ಕೆ ಸಿಕ್ಕ ಜಾಗ ನಮ್ಮಲ್ಲಿ ಬಹುಕಾಲದಿಂದ ಗಾಳಿಗೆ ಸಿಕ್ಕಿದೆ. ಚರಕಸಂಹಿತೆಯು ವಾತದಿಂದ ಹುಟ್ಟುವ 80 ವಿಕಾರಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಎದೆಬಡಿತವನ್ನು ಹೇಳುವ 'ಹೃದ್ದ್ರವ'ವಿದೆ, ತಲೆಸುತ್ತನ್ನು ಹೇಳುವ 'ಭ್ರಮ'ವಿದೆ, ನಡುಕದ 'ವೇಪಥು' ಇದೆ, 'ವಿಷಾದ'ವಿದೆ, ಒಂದೆಡೆ ನಿಲ್ಲದ ಚಿತ್ತವೂ ಇದೆ. ಚರಕನಿಗೆ ಗಾಬರಿ ರೋಗ ಗೊತ್ತಿತ್ತು ಎಂದು ಇದರಿಂದ ಸಾಧಿಸಹೊರಡುವುದು ಅತಿಯಾದೀತು. ಎಂಬತ್ತರಲ್ಲಿ ಉಗುರು ಸೀಳುವುದೂ ಸೇರಿದೆ. ಆದರೆ ಎದೆ, ತಲೆ, ಕೈಕಾಲು, ಮನಸ್ಸು ಇವುಗಳ ತೊಂದರೆಗಳನ್ನು ಒಂದೇ ಕಾರಣದ ಕೆಳಗೆ ತರುವ ಯೋಚನೆ ಅಲ್ಲಿ ಇದೆ.

ಅದರ ದೂರದ ನೆರಳು ಇಂದಿನ ಮಾತಿನಲ್ಲೂ ಉಳಿದಿದೆ. ಎದೆ ಹಿಡಿದುಕೊಂಡರೆ 'ವಾಯು ಎದೆಗೆ ಏರಿದೆ', 'ಗ್ಯಾಸು' ಎನ್ನುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಸೋಡಾ ಕುಡಿದು ತೇಗು ಬಂದು, ಹತ್ತು ನಿಮಿಷದಲ್ಲಿ ದಾಳಿಯೂ ತಾನಾಗಿ ಇಳಿದರೆ ಗ್ಯಾಸೇ ಎಂಬುದು ಖಾತ್ರಿಯಾಗುತ್ತದೆ. ಕಾಂಬೋಡಿಯಾದ ಜನರಲ್ಲಿಯೂ ಇಂಥ ತಿಳಿವಳಿಕೆಯಿದೆ. ಅಮೆರಿಕದಲ್ಲಿ ನೆಲೆಸಿದ ಕಾಂಬೋಡಿಯಾ ನಿರಾಶ್ರಿತರಲ್ಲಿ ಡೆವನ್ ಹಿಂಟನ್ ಎಂಬ ಮನೋವೈದ್ಯ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಮೈಯೊಳಗಿನ ಗಾಳಿ ರಕ್ತದ ಜೊತೆ ಮೇಲೇರಿ ಕುತ್ತಿಗೆಯ ನಾಳಗಳನ್ನು ಒಡೆಯುತ್ತದೆ ಎಂಬ ಭಯ ಅವರದು. ಹಾಗಾಗಿ ಅವರಿಗೆ ದಾಳಿ ಬಂದಾಗ ಎದ್ದು ಕಾಣುವುದು ಕುತ್ತಿಗೆ ನೋವು ಮತ್ತು ಕಿವಿಯ ಗುಂಯ್ ಶಬ್ದ. ಈ ಎರಡೂ 13ರ ಪಟ್ಟಿಯಲ್ಲಿಲ್ಲ! 2013ರ ಕೈಪಿಡಿಯಲ್ಲಿ ಈ 'ಖ್ಯಾಲ್' ದಾಳಿಗೆ ಪ್ರತ್ಯೇಕ ಟಿಪ್ಪಣಿ ಸಿಕ್ಕಿದೆ. ಖ್ಯಾಲ್ ಎಂದರೆ ಗಾಳಿ.

ಏಕೆ ಹೀಗೆ? ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಕೊಟ್ಟ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೆಟ್ಟಿಲು ಹತ್ತಿದ್ದಕ್ಕೋ ಕಾಫಿ ಕುಡಿದದ್ದಕ್ಕೋ ಎದೆ ಸ್ವಲ್ಪ ವೇಗವಾಗಿ ಬಡಿಯುತ್ತದೆ. ಅದನ್ನು 'ಹಾರ್ಟ್ ಅಟ್ಯಾಕ್' ಎಂದು ತಿಳಿದವನಿಗೆ ಹೆದರಿಕೆಯಾಗುತ್ತದೆ. ಹೆದರಿಕೆಗೆ ಅಡ್ರಿನಲಿನ್ ಸುರಿಯುತ್ತದೆ, ಎದೆ ಇನ್ನೂ ಜೋರಾಗಿ ಬಡಿಯುತ್ತದೆ, ತಿಳಿದದ್ದು ನಿಜವೆನಿಸುತ್ತದೆ. ಉಸಿರು ವೇಗವಾದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು, ತುಟಿ ಜೋಮು ಹಿಡಿಯುತ್ತವೆ, ತಲೆ ತಿರುಗುತ್ತದೆ. ಆಗ 'ಲಕ್ವ' ಎಂಬ ಹೊಸ ಹೆದರಿಕೆ. ಯಾರು ಯಾವುದಕ್ಕೆ ಹೆದರಿ ಬೆಳೆದಿದ್ದಾರೋ ಅವರ ಗಮನ ಮೈಯ ಆ ಭಾಗದ ಮೇಲೆ ನಿಲ್ಲುತ್ತದೆ. ತಂದೆ ಹೃದಯಾಘಾತದಿಂದ ತೀರಿಕೊಂಡ ಮಗನಿಗೆ ಎದೆ. ಗಾಳಿಗೆ ಹೆದರುವ ಊರಿನವನಿಗೆ ಕುತ್ತಿಗೆ.

ಎಲ್ಲವೂ ತಿಳಿವಳಿಕೆಯಿಂದಲೇ ಆಗುತ್ತದೆ ಎನ್ನಲೂ ಬರುವುದಿಲ್ಲ. ಮಿದುಳಿನಲ್ಲಿ ಉಸಿರುಗಟ್ಟುವುದನ್ನು ಎಚ್ಚರಿಸುವ ಗಂಟೆಯೊಂದಿದೆ, ಕೆಲವರಲ್ಲಿ ಅದು ಸುಳ್ಳೇ ಬಾರಿಸುತ್ತದೆ ಎಂದು ಕ್ಲೈನ್ 1993ರಲ್ಲಿ ವಾದಿಸಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿಯನ್ನು ಉಸಿರಾಡಿಸಿದರೆ ಗಾಬರಿ ರೋಗಿಗಳಲ್ಲಿ ಅನೇಕರಿಗೆ ದಾಳಿ ಬರುತ್ತದೆ, ಆರೋಗ್ಯವಂತರಲ್ಲಿ ಅಷ್ಟಾಗಿ ಬರುವುದಿಲ್ಲ. ಅದೇ ವರ್ಷ ಬ್ರಿಟನ್ನಿನಿಂದ ಬಂದ ಒಂದು ವಿಶ್ಲೇಷಣೆ ರೋಗಿಗಳನ್ನು ಉಸಿರಿನ ಲಕ್ಷಣ ಮುಂದಿರುವವರು, ಇಲ್ಲದವರು ಎಂದು ಎರಡಾಗಿ ವಿಂಗಡಿಸಿತು. ಮೊದಲಿನವರಿಗೆ ಇಮಿಪ್ರಮಿನ್, ಎರಡನೆಯವರಿಗೆ ಆಲ್ಪ್ರಜೋಲಮ್ ಹೆಚ್ಚು ಫಲ ಕೊಟ್ಟಿತ್ತು. ವಿಂಗಡಣೆ ಇಷ್ಟು ಸರಳವೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಹೆಂಗಸರಲ್ಲಿ ಉಸಿರಿನ ತೊಂದರೆ ಹೆಚ್ಚಾಗಿ ವರದಿಯಾಗುತ್ತದೆ, ವಯಸ್ಸಾದವರಲ್ಲಿ ದಾಳಿಯ ಲಕ್ಷಣಗಳು ಕಡಿಮೆ ಮತ್ತು ಸೌಮ್ಯ ಎಂಬುದನ್ನೂ ಅಧ್ಯಯನಗಳು ತೋರಿಸಿವೆ.

ಹಬೆ, ಉಸಿರು, ಆಸ್ತಮಾ

ಶಿಡ್ಲಘಟ್ಟಕ್ಕೆ ಬಂದರೆ ಈ ಉಸಿರಿನ ವಿಚಾರ ಇನ್ನೂ ಜಟಿಲವಾಗುತ್ತದೆ. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು ಈ ಊರಿನದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುವ ಕೆಲಸ ಮನೆಗಳಲ್ಲಿ, ಸಣ್ಣ ಘಟಕಗಳಲ್ಲಿ ನಡೆಯುತ್ತದೆ. ಹಬೆ, ಹೊಗೆ, ಸತ್ತ ಹುಳುವಿನ ವಾಸನೆಯ ನಡುವೆ ದಿನವಿಡೀ ನಿಂತು ದುಡಿಯುವವರಿಗೆ ಆಸ್ತಮಾ ಬರುವುದುಂಟು. ಕರ್ನಾಟಕದ ರೇಷ್ಮೆ ಕಾರ್ಖಾನೆಗಳ ಕೆಲಸಗಾರರಲ್ಲಿ ಗೂಡು ಮತ್ತು ಹುಳುವಿನ ಅಂಶಗಳಿಗೆ ಅಲರ್ಜಿಯಿಂದ ಆಸ್ತಮಾ ಉಂಟಾಗುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲೇ ದಾಖಲಿಸಿದ್ದಾರೆ.

ಇಂಥ ಕೆಲಸಗಾರ ರಾತ್ರಿ ಎರಡು ಗಂಟೆಗೆ ಉಸಿರು ಸಿಕ್ಕದೆ ಎದ್ದು ಕುಳಿತರೆ ಅದು ಆಸ್ತಮಾವೋ ಗಾಬರಿಯೋ? ಎರಡೂ ರಾತ್ರಿ ಬರಬಹುದು. ಆಸ್ತಮಾ ಇದ್ದವರಲ್ಲಿ ಗಾಬರಿ ರೋಗ ಇತರರಿಗಿಂತ ಹೆಚ್ಚು ಎಂಬುದೂ ತಿಳಿದ ಸಂಗತಿ. ಸಾಲದ್ದಕ್ಕೆ ಆಸ್ತಮಾಕ್ಕೆ ಸೇದುವ ಸಾಲ್ಬುಟಮಾಲ್ ಔಷಧಿ ಎದೆಬಡಿತ, ಕೈನಡುಕ ತರುತ್ತದೆ. ಗಾಬರಿಯನ್ನು ಆಸ್ತಮಾ ಎಂದು ತಿಳಿದು ಪಂಪನ್ನು ಮತ್ತೆ ಮತ್ತೆ ಒತ್ತಿದವನಿಗೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ಆಸ್ತಮಾವನ್ನು ಗಾಬರಿ ಎಂದು ತಿಳಿದು ಸುಮ್ಮನೆ ಕುಳಿತವನ ಪ್ರಾಣಕ್ಕೇ ಸಂಚಕಾರ. ಸ್ಟೆತಸ್ಕೋಪಿನಲ್ಲಿ ಕೇಳುವ ಸುಂಯ್ ಸದ್ದು, ಊದಿಸಿ ನೋಡುವ ಪರೀಕ್ಷೆ ಇವೇ ಇಲ್ಲಿ ದಾರಿ ತೋರಬೇಕು. 'ಆಯಾಸ' ಎಂಬ ಪದವನ್ನು ದಣಿವೆಂದು ಬರೆದುಕೊಂಡ ವೈದ್ಯ ಆ ಪರೀಕ್ಷೆಯವರೆಗೂ ಹೋಗುವುದೇ ಇಲ್ಲ.

ಆಸ್ಪತ್ರೆಗಳಿಗಿಂತ ಮೊದಲು

ಮನೋವೈದ್ಯಕೀಯದ ದೊಡ್ಡ ಸಂಸ್ಥೆಯೊಂದು ಈ ಊರುಗಳಿಗೆ ಒಂದೆರಡು ಗಂಟೆ ಪ್ರಯಾಣದ ದೂರದಲ್ಲೇ ಇದೆ. ಬೆಂಗಳೂರಿನ ಹುಚ್ಚಾಸ್ಪತ್ರೆ ಎಂದು 19ನೇ ಶತಮಾನದಲ್ಲಿ ಆರಂಭವಾದದ್ದು 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಆದರೆ 'ಹುಚ್ಚಾಸ್ಪತ್ರೆ' ಎಂಬ ಹಳೆಯ ಹೆಸರು ಜನರ ಬಾಯಿಂದ ಹೋಗಲಿಲ್ಲ. ಎದೆ ಹೊಡೆದುಕೊಳ್ಳುತ್ತದೆ ಎಂದು ಅಲ್ಲಿಗೆ ಹೋಗುವವರು ಯಾರು?

ನಿಮ್ಹಾನ್ಸ್ 1970ರ ದಶಕದಲ್ಲಿ ಸಕಲವಾರದಿಂದ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಿಂದ ಹಳ್ಳಿಗಳತ್ತ ಹೊರಟಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ನೀಡಿತು. ಬಳ್ಳಾರಿಯ ಮಾದರಿಯೇ ಮುಂದೆ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಆದರೆ ಅಂದಿನ ಆದ್ಯತೆ ತೀವ್ರ ಮನೋರೋಗ ಮತ್ತು ಮೂರ್ಛೆರೋಗಕ್ಕೆ. ಅದು ಸರಿಯೂ ಆಗಿತ್ತು. ಸರಪಳಿಯಲ್ಲಿ ಬಿಗಿದ ರೋಗಿಯನ್ನು ಬಿಟ್ಟು ಎದೆಬಡಿತದವನ ಬಳಿಗೆ ಯಾರೂ ಮೊದಲು ಹೋಗುವುದಿಲ್ಲ. ಗಾಬರಿ ರೋಗಿ ಮಾತ್ರ ಆ ಲೆಕ್ಕದಿಂದ ಹೊರಗುಳಿದ.

ಅದಕ್ಕೂ ಮುಂಚೆ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಊರಿನ ಜನ ಕಷ್ಟ ಬಂದಾಗ ವೈದ್ಯರ ಜೊತೆಗೆ ಮಂತ್ರವಾದಿ, ಪಾತ್ರಿಗಳ ಬಳಿಗೂ ಹೋಗುವುದನ್ನು ಅದು ದಾಖಲಿಸಿತು. ಬಯಲುಸೀಮೆಯಲ್ಲೂ ಚಿತ್ರ ಬಹಳ ಬೇರೆಯಿಲ್ಲ. ಸಂಜೆ ಹೊತ್ತು ಹೊಲದಿಂದ ಬರುವಾಗ ಬೆವರಿ, ನಡುಗಿ ಕುಸಿದ ಸೊಸೆಗೆ 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸುವ ಅತ್ತೆಯಂದಿರು ಇನ್ನೂ ಇದ್ದಾರೆ. ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಸಮಿತಿಯನ್ನು ನಡೆಸಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಂಬುದನ್ನು ನೆನೆದರೆ ಸ್ವಲ್ಪ ನಗು ಬರುತ್ತದೆ. ಹಾಗೆಂದು ಆ ಅತ್ತೆಯನ್ನು ಹಳಿದು ಫಲವಿಲ್ಲ. ದಾಳಿ ಹತ್ತಿಪ್ಪತ್ತು ನಿಮಿಷದಲ್ಲಿ ತಾನೇ ಇಳಿಯುವಂಥದು. ಆ ಹೊತ್ತಿನಲ್ಲಿ ಏನು ಮಾಡಿದರೂ ಅದರಿಂದಲೇ ಗುಣವಾದಂತೆ ಕಾಣುತ್ತದೆ. ತಾಯತಕ್ಕೆ ಸಿಕ್ಕುವ ಕೀರ್ತಿ ಪಟ್ಟಣದಲ್ಲಿ ಗ್ಲೂಕೋಸ್ ಬಾಟಲಿಗೆ ಸಿಕ್ಕುತ್ತದೆ, ಅಷ್ಟೇ ವ್ಯತ್ಯಾಸ.

ಮೈಯ ತೊಂದರೆಗೆ ಮನಸ್ಸು ಕಾರಣವಾಗಬಹುದು ಎಂಬುದನ್ನು ಕನ್ನಡದಲ್ಲೇ ಜನರಿಗೆ ಹೇಳಿದವರೂ ಇದ್ದಾರೆ. 'ಕೊರವಂಜಿ' ಪತ್ರಿಕೆಯ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಪುಸ್ತಕ, ಅಂಕಣ, ಭಾಷಣಗಳ ಮೂಲಕ ಇದೇ ಕೆಲಸ ಮಾಡಿದರು.

ಸಾಲುಗಟ್ಟಿದ ಜನ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. 2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಸರಣಿ ಸಾವುಗಳ ಸುದ್ದಿ ಬಂದಾಗಲೂ ಬೆಂಗಳೂರು, ಮೈಸೂರುಗಳಲ್ಲಿ ಅದೇ ನೂಕುನುಗ್ಗಲು. ಹೃದಯಾಘಾತಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ತಜ್ಞರ ಸಮಿತಿ ಆಮೇಲೆ ವರದಿ ಕೊಟ್ಟಿತು. ಸಾಲಿನಲ್ಲಿ ನಿಂತವರೆಲ್ಲ ಗಾಬರಿ ರೋಗಿಗಳಲ್ಲ. ಹೆಚ್ಚಿನವರು ಎಚ್ಚರಿಕೆಯ ಸಾಮಾನ್ಯ ಜನ. ಆದರೆ ಒಂದು ಕಾಲದ ಸುದ್ದಿ ಹೇಗೆ ಮೈಯ ಒಂದು ಭಾಗದತ್ತ ಎಲ್ಲರ ಗಮನವನ್ನೂ ಎಳೆಯುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಆ ತಿಂಗಳುಗಳಲ್ಲಿ ಗಾಬರಿಯ ದಾಳಿಗೆ ಒಳಗಾದ ಕನ್ನಡಿಗನಿಗೆ ಮೊದಲು ಕಂಡದ್ದು ಎದೆಯೇ ಆಗಿದ್ದರೆ ಆಶ್ಚರ್ಯವಿಲ್ಲ.

ಚಿಕ್ಕಬಳ್ಳಾಪುರ ಕಡೆಯಿಂದ ಬೆಳಗಿನ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಇಸಿಜಿ, ಎಕೋ, ಟ್ರೆಡ್‌ಮಿಲ್ ವರದಿಗಳನ್ನು ಹಿಡಿದು ಬೆಂಗಳೂರಿಗೆ ಹೋಗುವವರಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಪ್ರತಿ ಬಾರಿ 'ನಿಮಗೇನೂ ಇಲ್ಲ' ಎಂಬ ಉತ್ತರ. ಏನೂ ಇಲ್ಲದಿದ್ದರೆ ಸಾವು ಕಣ್ಣೆದುರು ಬಂದದ್ದು ಸುಳ್ಳೇ? ಇನ್ನೊಬ್ಬ ವೈದ್ಯ, ಇನ್ನೊಂದು ಸ್ಕ್ಯಾನ್. ನಡುವೆ ಔಷಧಿ ಅಂಗಡಿಯಿಂದ ತಂದ ಆಲ್ಪ್ರಜೋಲಮ್ ಮಾತ್ರೆ ರೂಢಿಯಾಗುತ್ತದೆ. ಬಸ್ಸಿನಲ್ಲಿ ದಾಳಿ ಬಂದವನು ಬಸ್ಸು ಹತ್ತುವುದನ್ನೇ ಬಿಡುತ್ತಾನೆ, ಆಮೇಲೆ ಸಂತೆ, ಮದುವೆಮನೆ. ವೆಸ್ಟ್‌ಫಾಲರ ರೋಗಿಗಳು ಚೌಕ ದಾಟಲಾರದೆ ನಿಂತದ್ದು ಹೀಗೆಯೇ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕಾರಿ. ಹೃದಯಾಘಾತವನ್ನೇ 'ಬರೀ ಟೆನ್ಷನ್' ಎಂದು ತಳ್ಳಿಹಾಕುವುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬೆವರು, ಏದುಸಿರು, ಹೊಟ್ಟೆ ತೊಳಸುವುದರಿಂದಲೂ ಬರಬಹುದು. ಆದ್ದರಿಂದ ಮೊದಲ ಬಾರಿ ಇಂಥ ದಾಳಿ ಬಂದಾಗ ಇಸಿಜಿ ಮಾಡಿಸಲೇಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಬೇಕು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಎದೆ ಹೀಗೆಯೇ ಓಡುತ್ತದೆ. ಇವೆಲ್ಲ ಸರಿಯಿದ್ದು ದಾಳಿ ಮರುಕಳಿಸಿದರೆ ಆಗ ಗಾಬರಿ ರೋಗದ ಯೋಚನೆ. ಚಿಕಿತ್ಸೆ ಇದೆ: ಇಮಿಪ್ರಮಿನ್‌ಗಿಂತ ಕಡಿಮೆ ಅಡ್ಡಪರಿಣಾಮದ ಔಷಧಿಗಳು ಬಂದಿವೆ, ಮೈಯ ಲಕ್ಷಣವನ್ನು ತಪ್ಪಾಗಿ ಓದುವುದನ್ನು ಬಿಡಿಸುವ ಮಾತಿನ ಚಿಕಿತ್ಸೆಯೂ ಇದೆ. ಹೆಚ್ಚಿನವರಿಗೆ ಗುಣ ಕಾಣುತ್ತದೆ.

2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಈಗ ವೈದ್ಯಕೀಯ ಕಾಲೇಜುಗಳೂ ಇವೆ. 2022ರ ಅಕ್ಟೋಬರ್ 10ರಿಂದ 'ಟೆಲಿ ಮನಸ್' ಎಂಬ ಉಚಿತ ದೂರವಾಣಿ ಸೇವೆ ದೇಶದಾದ್ಯಂತ ಆರಂಭವಾಗಿದೆ. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್, ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡಬಹುದು. ಚಿಂತಾಮಣಿ ಕಡೆಯ ಆ ಹೆಂಗಸು ಮನೆಮಾತಿನಲ್ಲೇ 'ಆಯಾಸಂ' ಎಂದರೆ ಅದನ್ನು ಉಸಿರೆಂದೇ ಬರೆದುಕೊಳ್ಳುವವರು ಅತ್ತ ಇರುತ್ತಾರೆ.